ಉಂಡೆ ಡಬ್ಬದ ತಳದಲ್ಲಿ

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಹುಕ್, ಹುಕ್, ಹುಕ್. ಮದುವೆ ಸೀಸನ್ ಬಂತೆಂದರೆ ನನ್ನ ಬೆರಳ ತುದಿಗೆ ಗ್ರಹಚಾರ. ಶಿವಾನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು, ನಾಲ್ಕು ಬ್ಲೌಸಿಗೆ ಹುಕ್ ಹಾಕಿಕೊಡೇ ಅಂದರೆ ಫೋನ್ ಹಿಡಿದು ದಿವಾನದ ಮೇಲೆ ಬಿದ್ದಿದ್ದಾಳೆ. ಬೆಂಗಳೂರು ಜಪ. ಪರೀಕ್ಷೆ ಆದ ಮೇಲೆ ಕರಕೊಂಡು ಹೋಗ್ತೀನಿ ಅಂತ ಇವರು ಮಗಳಿಗೆ ಮಾತು ಕೊಟ್ಟಿದ್ದರಂತೆ. ಕೊಡುವಾಗ ನನ್ನನ್ನು ಒಂದು ಮಾತು ಕೇಳಿದ್ದರಾ... ಬಿಡು.

ಫೋನಿನಲ್ಲಿ ಏನೋ ಸಿಕ್ಕಿದೆ ಅವಳಿಗೆ. ರಾಜಧಾನಿಗೆ ಹೋದರೆ ಟೀನೇಜ್‌ನವರು ಏನೇನು ಮಾಡಬಹುದು, ದೊಡ್ಡವರು ಏನೇನು ಮಾಡಬಹುದು ಅಂತ. ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿದಳು. ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

“ಅದ್ರಲ್ಲಿ ನಾನು ಯಾವುದಮ್ಮಿ?”

“ನೀನು ಅಡಲ್ಟ್ ಅಜ್ಜಿ.”

“ಅಂಗಂದ್ರೆ?”

“ದೊಡ್ಡೋಳು ಅಂತ.”

“ಅಷ್ಟು ನಂಗೂ ಗೊತ್ತು ಕಣಮ್ಮಿ. ದೊಡ್ಡೋರು ಯಾನ್ಯಾನ ಮಾಡ್ಬೌದು ಅಂತ ಬರ್ದವ್ರೆ?”

ಕೊನೆಗೆ ತೀರ್ಮಾನ ಆಗಿದ್ದು ಇದು. ಒಬ್ಬೊಬ್ಬರಿಗೆ ಒಂದೊಂದು ಆಸೆ. ಇವರಿಗೆ ವಿಧಾನಸೌಧದ ಮುಂದೆ ಫೋಟೋ. ಸರ್ಕಾರಿ ನೌಕರಿಗೆ ಸೇರಿ ಇಪ್ಪತ್ತು ವರ್ಷವಾಯಿತು, ಚಾಮರಾಜನಗರದ ಆಫೀಸು ಬಿಟ್ಟು ಸರ್ಕಾರ ಎಲ್ಲಿ ಕೂರುತ್ತದೆ ಅಂತ ನೋಡಿಲ್ಲವಂತೆ. ಶಿವಾನಿಗೆ ಮಾಲ್. ನನಗೆ ಚಿಕ್ಕಪೇಟೆ, ಲೈನಿಂಗ್ ಬಟ್ಟೆ, ಲೇಸು. ಅತ್ತೆಗೆ ಮೆಟ್ರೋ.

ನಾನು ನಕ್ಕೆ. ಪಕ್ಕದ ಮನೆ ಗುರುಮಲ್ಲಮ್ಮ ಹೋದ ವರ್ಷ ಮೆಟ್ರೋದಲ್ಲಿ ಕೂತು ಬಂದವರು ಇವತ್ತಿನವರೆಗೂ ಕೆಳಗಿಳಿದಿಲ್ಲ. ಅತ್ತೆಗೆ ಅದೇ ಉರಿ.

ಏಪ್ರಿಲ್ 9, ಬುಧವಾರ

ತಿಂಡಿ ಒಂಬತ್ತೂವರೆಗೆ. ಕಾರಣ ಹೊಸದೇನಲ್ಲ, ಅತ್ತೆಯ ಪೂಜೆ. ಸ್ನಾನ, ವಿಭೂತಿ, ಆಮೇಲೆ ಕೊರಳಿನ ಬೆಳ್ಳಿ ಕರಡಿಗೆ ತೆಗೆದು, ಅದರೊಳಗಿನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆ ಮುಗಿಯಿತು, ಮನೆ ಹೊತ್ತಿ ಉರಿದರೂ ಕಣ್ಣು ಬಿಡುವುದಿಲ್ಲ. ಅದಾಗುವ ತನಕ ಹನಿ ನೀರು ಬಾಯಿಗೆ ಬೀಳದು. ಜ್ವರ ಬರಲಿ, ಮದುವೆ ಮನೆಯಿರಲಿ. ಲಾಡ್ಜಿನಲ್ಲಿ ಹೇಗಪ್ಪಾ ಅಂತ ಈಗಿನಿಂದಲೇ ನನಗೆ ತಲೆನೋವು.

“ನಿಂದೆಲ್ಲಮ್ಮಿ?” ಅಂತ ಇವತ್ತೂ ಕೇಳಿದರು. ನನ್ನ ಲಿಂಗ ದೇವರ ಮನೆಯ ಡಬ್ಬಿಯಲ್ಲಿದೆ. ಮೆಷಿನ್ ತುಳಿಯುವಾಗ ಬೆವರಿಗೆ ದಾರ ಕೊರಳು ಕೆರೆಯುತ್ತದೆ ಅಂತ ತೆಗೆದಿಟ್ಟವಳು ಮತ್ತೆ ಹಾಕಲಿಲ್ಲ. ಹಬ್ಬಕ್ಕೆ ಹಾಕ್ತೀನಿ ಅಂದೆ. ಹೂಂ ಅಂದರು, ಬೈಯಲಿಲ್ಲ.

ಶಿವಾನಿ ಕರಡಿಗೆಯ ಮೂಲೆಯ ಗುಳಿ ಮುಟ್ಟಿ, ಇದೇನಜ್ಜಿ ಅಂದಳು.

“ನಿಮ್ಮಪ್ಪ ಕಚ್ಚಿದ್ದು ಕಣಮ್ಮಿ. ಅಲ್ಲು ಬರೋವಾಗ ಸಿಕ್ಕಿದ್ದೆಲ್ಲ ಕಚ್ಚೋನು. ಇದು ನಾನು ಉಟ್ದಾಗ ಕುದೇರು ಮಠದಲ್ಲಿ ಗುರುಗಳು ಕಟ್ಟಿದ್ದು. ನಾನು ಮಣ್ಣಿಗೋಗೋವಾಗ ಎಡಗೈಲಿ ಇದೇ ಇರ್ಬೇಕು. ಬೆಳ್ಳಿ ಬೇಕಾದ್ರೆ ನೀನು ಮಡೀಕೊ.”

ಬೆಳಗ್ಗೆ ಬೆಳಗ್ಗೆ ಮಣ್ಣಿನ ಮಾತು. ಉಪ್ಪಿಟ್ಟು ತಣ್ಣಗಾಗುತ್ತೆ ಅಂತ ಕೂಗಿದೆ.

ಏಪ್ರಿಲ್ 12, ಶನಿವಾರ. ಸಂಜೆ, ಬೆಂಗಳೂರು, ಲಾಡ್ಜ್

ಕಾಲು ನನ್ನವಲ್ಲ. ವಿಧಾನಸೌಧ ಆಯಿತು, ಗೇಟಿನ ಹೊರಗಿನಿಂದ. ಇವರು ಇಸ್ತ್ರಿ ಶರ್ಟು ಹಾಕಿ ನೆಟ್ಟಗೆ ನಿಂತರು, ಒಳಗಿನಿಂದ ಯಾರೋ ಕರೆಯುತ್ತಾರೆ ಅನ್ನುವ ಹಾಗೆ. ಮಾಲ್ ಆಯಿತು. ಎಸ್ಕಲೇಟರ್ ಹತ್ತಲು ಅತ್ತೆ ಒಪ್ಪಲಿಲ್ಲ, ನಾನೂ ಮನಸ್ಸಿನಲ್ಲೇ ಒಪ್ಪಿರಲಿಲ್ಲ. ಇಬ್ಬರೂ ಕೆಳಗೆ ಬೆಂಚಿನ ಮೇಲೆ ಕೂತು ರವೆ ಉಂಡೆ ತಿಂದೆವು. ಮನೆಯಿಂದ ಐಸ್‌ಕ್ರೀಂ ಡಬ್ಬದ ತುಂಬ ಮಾಡಿ ತಂದಿದ್ದೇನೆ. ಹೊರಗಿನ ತಿಂಡಿಯ ರೇಟು ಕೇಳಿದರೆ ಹೊಟ್ಟೆ ತಾನೇ ತುಂಬುತ್ತದೆ.

ಅತ್ತೆಯನ್ನು ಇಷ್ಟು ನಗುನಗುತ್ತಾ ನೋಡಿದ್ದು ಕಡಿಮೆ. ನಾಳೆ ಮೆಟ್ರೋ. ಗುರುಮಲ್ಲಮ್ಮನಿಗೆ ತೋರಿಸಲು ವಿಡಿಯೋ ತೆಗಿ ಅಂತ ಶಿವಾನಿಗೆ ಈಗಲೇ ಹೇಳಿಟ್ಟಿದ್ದಾರೆ.

ಏಪ್ರಿಲ್ 14, ಸೋಮವಾರ. ಮೈಸೂರಿನಿಂದ ಗುಂಡ್ಲುಪೇಟೆ ಬಸ್ಸಲ್ಲಿ

ಅಕ್ಷರ ಕುಣಿಯುತ್ತಿವೆ. ಆದರೂ ಬರೆಯುತ್ತೇನೆ. ಮಾತಾಡುವುದಕ್ಕೆ ಯಾರೂ ಇಲ್ಲ, ಎಲ್ಲರೂ ಕಿಟಕಿ ನೋಡುತ್ತಿದ್ದಾರೆ.

ನಿನ್ನೆ ಬೆಳಗ್ಗೆ ಮೆಟ್ರೋ ಹತ್ತಿದೆವು, ಲಾಲ್‌ಬಾಗಿಗೆ. ಭಾನುವಾರದ ರಶ್ಶು. ಅತ್ತೆ ಕಂಬ ಹಿಡಿದು ನಿಂತಿದ್ದರು, ಯಾರದೋ ಬ್ಯಾಗಿನ ಪಟ್ಟಿ ಸಿಕ್ಕಿ ಕೊರಳಿನ ಶಿವದಾರ ಪಟ್ಟಂತ ಕಿತ್ತುಹೋಯಿತು. ಸದ್ಯ, ಕರಡಿಗೆ ಸೆರಗಿನೊಳಗೇ ಬಿತ್ತು. ಅತ್ತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು, ಕಂಬ ಬಿಟ್ಟು. ಬೀಳುತ್ತಾರೆ ಅಂತ ನನಗೆ ಭಯ. ಕೊಡಿ ಇಲ್ಲಿ ಅಂದೆ. ಚಿಕ್ಕಪೇಟೆಯಲ್ಲಿ ಹೊಸ ದಾರ ಕೊಂಡು ಕಟ್ಟೋಣ, ಅಲ್ಲೀತನಕ ಭದ್ರವಾಗಿ ಇಡ್ತೀನಿ ಅಂದೆ. ಕೊಡಲು ಮನಸ್ಸಿಲ್ಲ ಅವರಿಗೆ. ಕಸಿದುಕೊಂಡೆ ಅಂತಲೇ ಬರೆಯಬೇಕು.

ವ್ಯಾನಿಟಿ ಬ್ಯಾಗಿಗೆ ಬ್ಲೇಡ್ ಹಾಕುತ್ತಾರೆ, ಬೆಂಗಳೂರು, ಹುಷಾರು ಅಂತ ಊರಿಗೆ ಊರೇ ಹೇಳಿ ಕಳಿಸಿತ್ತು. ನಾನು ಬುದ್ಧಿವಂತೆ. ಉಂಡೆ ಡಬ್ಬವನ್ನು ಯಾರು ಕದಿಯುತ್ತಾರೆ? ಕರಡಿಗೆಯನ್ನು ಕರ್ಚೀಫಿನಲ್ಲಿ ಸುತ್ತಿ ಡಬ್ಬದ ತಳಕ್ಕಿಟ್ಟು, ಮೇಲೆ ಪೇಪರ್ ಹಾಸಿ, ಪೇಪರಿನ ಮೇಲೆ ಉಳಿದ ಉಂಡೆ ಜೋಡಿಸಿದೆ. ಅತ್ತೆ ನೋಡಿದರು, ಇವರು ನೋಡಿದರು. ಶಿವಾನಿ ಬೋಗಿಯ ಆ ತುದಿಯಲ್ಲಿ ಅಜ್ಜಿಗೋಸ್ಕರ ವಿಡಿಯೋ ತೆಗೆಯುತ್ತಿದ್ದಳು.

ಲಾಲ್‌ಬಾಗಿನಲ್ಲಿ ಗಾಜಿನ ಮನೆ ನೋಡಿ, ಚಿತ್ರಾನ್ನ ತಿಂದು, ಇವರು ಹುಲ್ಲಿನ ಮೇಲೆ ಮಲಗಿದರು. ನಾನು ಅತ್ತೆಯನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋದೆ. ವಾಪಸ್ ಬಂದು ಬ್ಯಾಗ್ ಎತ್ತಿಕೊಂಡು ಹೊರಟೆವು. ಬ್ಯಾಗು ಹಗುರ ಇತ್ತು. ಚಿತ್ರಾನ್ನ ಖಾಲಿಯಾಯಿತಲ್ಲ, ಅದಕ್ಕೆ ಅಂದುಕೊಂಡೆ.

ಚಿಕ್ಕಪೇಟೆಯಲ್ಲಿ ದಾರ ಕೊಂಡು, ಡಬ್ಬ ಕೊಡೇ ಅಂದರೆ ಶಿವಾನಿ, ಅದನ್ನ ಕೊಟ್ಟುಬಿಟ್ಟೆ ಅಮ್ಮ ಅಂದಳು. ಎಲೆ ಗುಡಿಸುವ ಒಬ್ಬ ಹೆಂಗಸು ನೆರಳಲ್ಲಿ ಕೂತು ಬರೀ ನೀರು ಕುಡಿಯುತ್ತಿದ್ದರಂತೆ. ಪಾಪ ಅನಿಸಿತಂತೆ. ಡಬ್ಬದ ಸಮೇತ ಕೊಟ್ಟಳಂತೆ, ಹೇಗೂ ಐಸ್‌ಕ್ರೀಂ ಡಬ್ಬ ಅಲ್ಲವಾ.

ಕೈ ಎತ್ತಿದೆ ಹೊಡೆಯಲು, ಅಂಗಡಿಯೊಳಗೇ. ಅತ್ತೆ ಕೈ ಹಿಡಿದುಕೊಂಡರು.

“ಮಗೀಗ್ಯಾಕೆ ಒಡೀತಿಯೆ? ಅಸ್ದೋರಿಗೆ ಕೊಟ್ಟವ್ಳೆ. ನಾನೇ ಕಲ್ಸಿದ್ದು ಅದ.”

ಲಾಲ್‌ಬಾಗಿಗೆ ಓಡಿದೆವು. ಗೇಟು ಹಾಕಿದ್ದರು. ಇವತ್ತು ಬೆಳಗ್ಗೆ ಗೇಟು ತೆಗೆಯುವಾಗಲೇ ನಿಂತಿದ್ದೆವು. ಮಧ್ಯಾಹ್ನದವರೆಗೆ ಕಸ ಗುಡಿಸುವ ಒಬ್ಬೊಬ್ಬರ ಮುಖ ನೋಡಿದಳು ಶಿವಾನಿ. ಮೂಗುಬೊಟ್ಟು, ಹಸಿರು ಕೋಟು ಅಷ್ಟೇ ನೆನಪು. ಎಲ್ಲರದೂ ಹಸಿರು ಕೋಟು. ಇವತ್ತು ರಜೆ, ಅರ್ಧ ಜನ ಬಂದಿಲ್ಲ ಅಂದರು. ಗೇಟಿನವರ ಹತ್ತಿರ ನಂಬರ್ ಕೊಟ್ಟು ಬಂದಿದ್ದೇವೆ.

ಅತ್ತೆ ನಿನ್ನೆ ಮಧ್ಯಾಹ್ನ ತಿಂದ ಚಿತ್ರಾನ್ನವೇ ಕೊನೆ. ನೀರೂ ಬೇಡವಂತೆ.

ಏಪ್ರಿಲ್ 15, ಮಂಗಳವಾರ

ಇವರು ಮಠಕ್ಕೆ ಫೋನ್ ಮಾಡಿ ಅತ್ತೆಯನ್ನು ಸ್ವಾಮಿಗಳ ಹತ್ತಿರ ಮಾತಾಡಿಸಿದರು. ಅವರು ದೊಡ್ಡ ಮನಸ್ಸಿನವರು, ಚೆನ್ನಾಗಿಯೇ ಹೇಳಿದರು. ಕಳೆದದ್ದು ಕಳೆಯಿತು ತಾಯಿ, ಬನ್ನಿ, ಬೇರೆ ಲಿಂಗ ಕಟ್ಟುತ್ತೇವೆ, ಇದರಲ್ಲಿ ದೋಷವಿಲ್ಲ. ಅತ್ತೆ ಎಲ್ಲದಕ್ಕೂ ಬುದ್ಧಿ, ಬುದ್ಧಿ ಅಂದರು. ಫೋನ್ ಇಟ್ಟ ಮೇಲೆ ಮಗನಿಗೆ ಹೇಳಿದರು.

“ಒಂದ ಕೈಯಾರೆ ಕಳ್ಕಂಡು ಇನ್ನೊಂದ ಕೊಡಿ ಅಂತ ಗುರುಗಳ ಮುಂದ ನಿಲ್ಲೋ ಮೊಕ ನಂಗಿಲ್ಲ ಕಣ್ಲಾ ಮಹದೇವ.”

“ಅವ್ವ, ಅವ್ರೇ ಕರೀತಾವ್ರಲ್ಲ.”

“ಅದು ಅವ್ರ ದೊಡ್ತನ.”

ಎಳನೀರು ಕುಡಿಯಬಹುದು ಅಂತ ಸ್ವಾಮಿಗಳು ಹೇಳಿದ್ದನ್ನು ಮಾತ್ರ ಒಪ್ಪಿದರು. ಅದೂ ಒಂದು ಲೋಟ.

ಅತ್ತಿದ್ದರೆ, ಬೈದಿದ್ದರೆ, ನಿನ್ನ ಕೈಗೆ ಕೊಟ್ಟಿದ್ದೇ ತಪ್ಪು ಅಂದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡುತ್ತಿದ್ದೆ. ಏನೂ ಇಲ್ಲ. ನನ್ನ ಬ್ಲೌಸುಗಳಿಗೆ ಹುಕ್ ಹಾಕುತ್ತಾ ಕೂತಿದ್ದಾರೆ. ಆಗಾಗ ಎಡಗೈ ತಾನಾಗೇ ಎದೆಗೆ ಹೋಗುತ್ತದೆ, ಏನೂ ಸಿಗದೆ ಕೆಳಗಿಳಿಯುತ್ತದೆ. ನೋಡಲಾಗುವುದಿಲ್ಲ. ಅವರ ಮೇಲೆ ಎಷ್ಟು ಸಿಟ್ಟೋ ಅಷ್ಟೇ ಭಯ ನನಗೆ.

ಶಿವಾನಿಯೂ ತಿನ್ನುವುದಿಲ್ಲ ಅಂತ ಹಟ ಹಿಡಿದಳು. ಅತ್ತೆ ಎದುರಿಗೆ ಕೂರಿಸಿಕೊಂಡು ತಾವೇ ತುತ್ತು ಕೊಟ್ಟರು. ತಾವು ಮಾತ್ರ ಇಲ್ಲ.

ಏಪ್ರಿಲ್ 16, ಬುಧವಾರ. ಸಂಜೆ

ಮಾಡಬಾರದ್ದು ಮಾಡಿದೆ. ಬೇರೆ ದಾರಿ ಕಾಣಲಿಲ್ಲ.

ಬೆಳಗ್ಗೆ ಇವರ ಜೊತೆ ಅದೇ ಬಸ್ಸಿಗೆ ಚಾಮರಾಜನಗರಕ್ಕೆ ಹೋದೆ. ದೇವಸ್ಥಾನದ ಬೀದಿಯಲ್ಲಿ ವಿಭೂತಿ, ರುದ್ರಾಕ್ಷಿ ಮಾರುವ ಅಂಗಡಿ. ಪುಟ್ಟಬಸಪ್ಪ ಅಂತ ಮುದುಕರು.

“ಯಾರ್ಗವ್ವ ಲಿಂಗ? ಮಗೀಗಾ?”

ಲಿಂಗ ಕೊಳ್ಳುವುದು ಹುಟ್ಟಿದ ಮಗುವಿಗೆ. ನನ್ನಂಥವಳು ಬಂದು ಕೇಳಿದರೆ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ ಅಂತಲೇ ಅರ್ಥ. ಹೂಂ, ಮಗೀಗೆ ಅಂದೆ.

“ಗಂಡೋ ಎಣ್ಣೋ?”

“ಹೆಣ್ಣು.”

“ನೂರ್ಕಾಲ ಬಾಳ್ಲಿ ಬುಡವ್ವ,” ಅಂತ ಒಂದು ವಿಭೂತಿ ಉಂಡೆ ಸುಮ್ಮನೆ ಕೊಟ್ಟರು. ಅರವತ್ತೆಂಟು ವರ್ಷದ ಮಗುವಿಗೆ. ಕಣ್ಣು ತುಂಬಿತು, ಪರ್ಸು ಹುಡುಕುವ ಹಾಗೆ ತಲೆ ಬಗ್ಗಿಸಿದೆ.

ಬೆಳ್ಳಿ ಅಂಗಡಿಯಲ್ಲಿ ಹೆಚ್ಚುಕಡಿಮೆ ಅದೇ ಅಳತೆಯ ಕರಡಿಗೆ ಸಿಕ್ಕಿತು. ಬಟ್ಟೆ ಅಳತೆ ಹಿಡಿಯುವ ಕಣ್ಣು ನನ್ನದು, ಅದರಲ್ಲಿ ಮೋಸವಿಲ್ಲ. ಅತ್ತೆ ವಾರಕ್ಕೊಮ್ಮೆ ವಿಭೂತಿಯಲ್ಲಿ ತಿಕ್ಕಿ ತೊಳೆಯುತ್ತಿದ್ದದ್ದರಿಂದ ಹೊಳಪೂ ಒಂದೇ. ಇವರ ಆಫೀಸಿನ ಹಿಂದೆ, ಸೈಕಲ್ ಸ್ಟ್ಯಾಂಡಿನಲ್ಲಿ, ಮೂಲೆಗೊಂದು ಮೊಳೆ ಇಟ್ಟು ಕಲ್ಲಿನಿಂದ ಒಂದೇಟು ಹಾಕಿದೆ. ಗುಳಿ ಆಯಿತು. ಮಗುವಿನ ಹಲ್ಲಿನ ಗುರುತು.

ಇವರು ನೋಡುತ್ತಾ ನಿಂತಿದ್ದರು. “ಬ್ಯಾಡ ಕುಮಾರಿ,” ಅಂದರು. ಹಾಗಾದರೆ ನೀವೇ ಊಟ ಮಾಡಿಸಿ ಅಂದೆ. ಮೊಳೆಯನ್ನು ತಾವೇ ಎತ್ತಿ ದೂರ ಬಿಸಾಡಿದರು.

ಸುಳ್ಳು ಹೇಳುವುದು ಮಾತ್ರ ಅವರ ಕೈಯಲ್ಲಿ ಆಗಲಿಲ್ಲ. ನಾನೇ ಹೇಳಿದೆ. ಲಾಲ್‌ಬಾಗಿನವರು ಬಸ್ಸಿನ ಡ್ರೈವರ್ ಕೈಲಿ ಕೊಟ್ಟು ಕಳಿಸಿದರು ಅತ್ತೆ, ಸಿಕ್ಕಿತು.

ಅತ್ತೆ ಸ್ನಾನ ಮಾಡಿ ಬಂದು ಕೂತರು. ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈ ಮೇಲಿಟ್ಟುಕೊಂಡರು. ಒಂದು ಕಣ್ಣಿಗೆ ಪೊರೆ, ಇನ್ನೊಂದೂ ಅಷ್ಟಕ್ಕಷ್ಟೆ. ಸುಮಾರು ಹೊತ್ತು ಹಾಗೇ ಇದ್ದರು. ಶಿವಾನಿ ನನ್ನ ಸೆರಗು ಹಿಡಿದಿದ್ದಳು. ಅವಳಿಗೂ ನಾನು ಹೇಳಿಲ್ಲ, ಸಿಕ್ಕಿತು ಅಂತಲೇ ಕುಣಿದಿದ್ದಳು.

“ಸಿಕ್ತಾ,” ಅಂದರು ಅತ್ತೆ. ನನ್ನ ಕಡೆ ನೋಡಿದರು, ಶಿವಾನಿ ಕಡೆ ನೋಡಿದರು. “ಸರಿ ಕಣವ್ವ. ಮುದ್ದೆ ಆಕು. ನನ್ ರೂಮ್ಗೇ ಕೊಡು, ಕುಂತ್ರೆ ಸೊಂಟ ಇಡೀತದೆ.”

ತಟ್ಟೆ ಖಾಲಿ ಮಾಡಿ ಕೊಟ್ಟರು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

(ನಾನು ಅತ್ತೆ. ಅವರಲ್ಲ.)

ಏಪ್ರಿಲ್ 17, ಗುರುವಾರ

ತಟ್ಟೆ ಖಾಲಿ. ಎರಡು ಹೊತ್ತೂ.

ಬ್ಲೌಸ್ ಎಲ್ಲ ಡೆಲಿವರಿ ಆಯಿತು. ಪೂಜೆಯೂ ಎಂದಿನಂತೆ. ಆದರೆ ಬೇಗ ಮುಗಿಸುತ್ತಿದ್ದಾರೆ. ವಯಸ್ಸಾಯಿತಲ್ಲ, ಸುಸ್ತು. ಬೆಂಗಳೂರಿನಲ್ಲಿ ಸುತ್ತಿದ್ದು ಹೆಚ್ಚಾಯಿತು.

ಏಪ್ರಿಲ್ 20, ಭಾನುವಾರ. ಬೆಳಗ್ಗೆ

ಫೋನ್ ಬಂತು. ಅದೇ ಹೆಂಗಸು. ಕರಿಯಮ್ಮ ಅಂತೆ, ಮಳವಳ್ಳಿ ಕಡೆಯವರು. ಅವತ್ತು ಡಬ್ಬ ಹಾಗೇ ಹಿಡಿದುಕೊಂಡು ಮಗಳ ಮನೆಗೆ ಊರಿಗೆ ಹೋಗಿದ್ದರು, ಇವತ್ತು ಕೆಲಸಕ್ಕೆ ಬಂದಾಗ ಗೇಟಿನವರು ಹೇಳಿದರಂತೆ.

“ಉಂಡೆ ತಿಂದು ಪೇಪರ್ ಎತ್ತುದ್ರೆ ಇದು ಕಣವ್ವ. ಯಾರೋ ಲಿಂಗ್ವಂತ್ರದು ಅಂತ ಗೊತ್ತಾಯ್ತು. ಬಿಚ್ಚಿಲ್ಲ. ದೇವ್ರ ತಾವ ಮಡಗಿವ್ನಿ. ದಿನಾ ಒಂದು ಊವ ಇಕ್ಕಿವ್ನಿ.”

ಇವರು ಇದ್ದ ಬಟ್ಟೆಯಲ್ಲೇ ಬೆಂಗಳೂರಿಗೆ ಹೊರಟರು. ಹೋಗುವಾಗ ಬಾಗಿಲಲ್ಲಿ ನಿಂತು, ಅವ್ವನಿಗೆ ಈಗಲೇ ಹೇಳಿಬಿಡು ಅಂದರು.

ಏನಂತ ಹೇಳಲಿ? ಇಷ್ಟು ದಿನ ಅಂಗಡಿ ಕಲ್ಲಿಗೆ ಕೈ ಮುಗಿಸಿ ಊಟ ಹಾಕಿದೆ ಅಂತಲೇ? ಹೇಳದಿದ್ದರೆ ಅವರದು ನನ್ನ ಬೀರುವಿನಲ್ಲಿ ಇರಬೇಕು, ಅವರ ಕೊರಳಲ್ಲಿ ನನ್ನ ಸುಳ್ಳು. ಕೊನೆಗೆ ಮಣ್ಣಿಗೂ ಅದೇ ಹೋಗಬೇಕು. ರಾತ್ರಿ ಮಲಗಿದಾಗ ಬದಲಾಯಿಸಿಬಿಡಲಾ? ನಿದ್ದೆಯಲ್ಲೂ ಎದೆ ಮೇಲೆ ಕೈಯಿಟ್ಟೇ ಮಲಗುತ್ತಾರೆ. ನೂಲು ಗಂಟಾದರೆ ಕತ್ತರಿಸಿ ಬಿಸಾಡುತ್ತೇನೆ. ಇದನ್ನು ಎಲ್ಲಿ ಕತ್ತರಿಸಲಿ ಅಂತಲೇ ತಿಳಿಯುತ್ತಿಲ್ಲ.

ಅದೇ ದಿನ. ಸಂಜೆ, ಆಸ್ಪತ್ರೆ

ಗುರುಮಲ್ಲಮ್ಮ ಮಧ್ಯಾಹ್ನ ಬಂದರು. ಮೆಟ್ರೋ ವಿಡಿಯೋ ನೋಡಲು ಅಂತ ನೆಪ. ಮಾತಿನ ನಡುವೆ ಕೇಳಿದರು.

“ಯಾನಮ್ಮಿ ಕುಮಾರಿ, ನಿಮ್ಮತ್ತೆ ಅರಕೆ ಒತ್ಕೊಂಡವ್ರಾ?”

“ಯಾವ ಹರಕೆ?”

“ದಿನಾ ನಮ್ ಕೊಟ್ಗೆ ಅಸೀಗೆ ಮುದ್ದೆ ತಂದಾಕ್ತಾರಲ್ಲ. ಒಂದಿನ ಪಾಯ್ಸನೂ ಆಕುದ್ರು. ಅಸ ಈಗ ಅವ್ರ ಬಳೆ ಸದ್ದು ಕೇಳುದ್ರೆ ಎದ್ದು ನಿಂತ್ಕತದೆ.”

ಖಾಲಿ ತಟ್ಟೆ. ರೂಮಿಗೇ ಕೊಡು. ಬೇಗ ಮುಗಿಯುವ ಪೂಜೆ.

ರೂಮಿಗೆ ಹೋದೆ. ಶಿವಾನಿಯೂ ಹಿಂದೆಯೇ ಬಂದಳು. ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದರು. ಅತ್ತೆ, ಯಾವಾಗ ಗೊತ್ತಾಯಿತು ಅಂದೆ. ತಿರುಗಲಿಲ್ಲ.

“ಕೈ ಮೇಲೆ ಮಡಗ್ದಾಗ್ಲೇ. ಇಷ್ಟ್ ವರ್ಸದಿಂದ ಇಡ್ಕಂಡಿರೋ ಕೈಗೆ ಗೊತ್ತಾಗಲ್ವಾ ಕುಮಾರಿ? ತೂಕವೇ ಬೇರೆ.”

“ಮತ್ತೆ ಯಾಕೆ ಹೇಳಲಿಲ್ಲ?”

“ಆ ಮಗೀನ್ ಮೊಕ ನೋಡ್ದೆ. ತಾನು ಕೊಟ್ಬುಟ್ಟೆ ಅಂತ ಕೊರಗಿ ಕೊರಗಿ ಅರ್ದ ಆಗಿತ್ತು. ನೀನೂ ಅಷ್ಟ್ ಕಷ್ಟಪಟ್ಟು ಗುಳಿ ಬೇರೆ ಮಾಡಿದ್ದೆ.”

ಕಾಲು ಹಿಡಿದುಕೊಂಡೆ. ಅತ್ತೆ, ನಿಜವಾದದ್ದು ಸಿಕ್ಕಿದೆ, ಇವರು ತರಲು ಹೋಗಿದ್ದಾರೆ, ನಾಳೆ ಬೆಳಗ್ಗೆ ಬರುತ್ತದೆ, ದೇವರಾಣೆ ಅಂದೆ.

ತಿರುಗಿ ನೋಡಿದರು. ನಕ್ಕರು. “ಆಯ್ತು ಬುಡವ್ವ,” ಅಂದರು. ಸಣ್ಣ ಮಕ್ಕಳಿಗೆ ಹೇಳುವ ಹಾಗೆ. ನಂಬಲಿಲ್ಲ.

ಆಮೇಲೆ ಬಚ್ಚಲಿಗೆ ಅಂತ ಎದ್ದವರು ಬಾಗಿಲ ಹತ್ತಿರ ಕುಸಿದರು. ಆಟೋದಲ್ಲಿ ಇಲ್ಲಿಗೆ ಬಂದೆವು. ಡಾಕ್ಟರು, ಏನಮ್ಮ ಇವರಿಗೆ ಊಟ ಹಾಕ್ತಿರಲಿಲ್ವಾ ಅಂದರು. ಶಿವಾನಿ ಬಾಯಿ ತೆರೆದಳು, ನಾನು ಸುಮ್ಮನಿರು ಅಂದೆ. ಹಾಕ್ತಿದ್ದೆ ಅಂದರೆ ಯಾರು ನಂಬುತ್ತಾರೆ. ನನ್ನ ಮಾತಿಗೆ ಈಗ ಯಾವ ಕಡೆಯೂ ಬೆಲೆಯಿಲ್ಲ.

ಬಲಗೈಯಲ್ಲಿ ನರ ಸಿಗಲಿಲ್ಲ ಅಂತ ಎಡಗೈಗೆ ಡ್ರಿಪ್ ಹಾಕಿದ್ದಾರೆ.

ಏಪ್ರಿಲ್ 21, ಸೋಮವಾರ. ಬೆಳಗ್ಗೆ ಹತ್ತು

ಇವರು ಮೊದಲ ಬಸ್ಸಿಗೆ ಬಂದರು. ರಾತ್ರಿಯೆಲ್ಲ ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರಂತೆ, ಕರಡಿಗೆಯನ್ನು ಬನಿಯನ್ನಿನೊಳಗೆ ಇಟ್ಟುಕೊಂಡು. ನನ್ನ ಕರ್ಚೀಫಿನಲ್ಲೇ ಸುತ್ತಿದೆ. ಮೇಲೆ ಬಾಡಿದ ಸೇವಂತಿಗೆ ಎಸಳು ಅಂಟಿವೆ.

“ಅವ್ವ, ತಂದಿವ್ನಿ,” ಅಂದರು. ಎಡಗೈಯಲ್ಲಿ ಇಟ್ಟರು.

ಆ ಕೈ ಡ್ರಿಪ್ಪಿಗೆ ಊದಿಕೊಂಡಿದೆ, ಹೂರಣ ತುಂಬಿದ ಹೋಳಿಗೆ ಥರ. ಬೆರಳು ಮಡಚಲಿಕ್ಕೆ ಬರುವುದಿಲ್ಲ. ಅತ್ತೆ ಕಣ್ಣು ಮುಚ್ಚಿದರು. ಬೆರಳು ಆಡಿಸಿದರು, ಮತ್ತೆ ಆಡಿಸಿದರು. ಕಣ್ಣಿನ ಮೂಲೆಯಲ್ಲಿ ನೀರು ಬಂತು.

“ಗೊತ್ತಾಗ್ನಿಲ್ಲ ಕಣ್ಲಾ. ಕೈ ಜೋಮಿಡ್ದದೆ.”

“ಅವ್ವ, ಅದೇ ಕಣವ್ವ. ಗುಳಿ ನೋಡು.”

“ಅದ್ರಲ್ಲೂ ಗುಳಿ ಇತ್ತು.”

ನನಗೇ ಯಾರೋ ಮೊಳೆ ಹೊಡೆದ ಹಾಗಾಯಿತು.

“ನಿಜ ಏಳು ಕುಮಾರಿ. ಇದು ನಂದೇನಾ?”

ನಿಮ್ಮದೇ ಅತ್ತೆ ಅಂದೆ. ನನ್ನ ಮುಖ ನೋಡುತ್ತಲೇ ಇದ್ದರು. ಅವತ್ತೂ ಇದೇ ಮುಖ, ಇದೇ ದನಿ. ನಿಜ ಹೇಳುವುದಕ್ಕೆ ಬೇರೆ ಮುಖ ಎಲ್ಲಿಂದ ತರಲಿ ನಾನು.

ಗಂಜಿ ತಂದೆ. ತಲೆ ಪಕ್ಕಕ್ಕೆ ತಿರುಗಿಸಿದರು. ಡ್ರಿಪ್ಪಿನಲ್ಲೇ ಎಷ್ಟು ದಿನ ಅಂತ ಇಡಲಿ, ಬಾಯಿಯಲ್ಲಿ ಹೋಗಬೇಕು, ಕಿಡ್ನಿಗೆ ತೊಂದರೆ ಶುರುವಾಗಿದೆ ಅಂದರು ಡಾಕ್ಟರು.

ಹನ್ನೆರಡೂಮುಕ್ಕಾಲು

ಶಿವಾನಿಗೆ ಹೊಳೆದಿದ್ದು. “ಅಮ್ಮ, ನಾವು ಹೇಳಿದ್ರೆ ನಂಬಲ್ಲ. ಆ ಅಜ್ಜಿ ಹೇಳಿದ್ರೆ?”

ಅವತ್ತಿನಿಂದ ಇಷ್ಟು ಬುದ್ಧಿ ನನಗೆ ಬಂದಿರಲಿಲ್ಲ. ಕರಿಯಮ್ಮನ ನಂಬರಿಗೆ ಮಾಡಿದಳು. ಎತ್ತುತ್ತಿಲ್ಲ. ಕೆಲಸದ ಹೊತ್ತಿನಲ್ಲಿ ಫೋನನ್ನು ಚೀಲದಲ್ಲಿಟ್ಟು ಮರಕ್ಕೆ ನೇತುಹಾಕುತ್ತಾರಂತೆ, ಇವರು ನೋಡಿ ಬಂದಿದ್ದಾರೆ. ಊಟಕ್ಕೆ ಕೂತಾಗ ತೆಗೆಯುತ್ತಾರೆ. ಯಾವಾಗ ಊಟಕ್ಕೆ ಕೂರುತ್ತಾರೋ.

ಗಂಜಿ ಆರಿತು. ಎರಡನೇ ಸಲ ಬಿಸಿ ಮಾಡಿಸಿದೆ, ಅದೂ ಆರುತ್ತಿದೆ. ಅತ್ತೆ ಕೈ ಚಾಚಿಯೇ ಮಲಗಿದ್ದಾರೆ, ಮೇಲೆ ಕರಡಿಗೆ. ಹಾಗೆ ಮಲಗಿರುವುದನ್ನು ನೋಡಿದರೆ... ಬರೆಯುವುದಿಲ್ಲ ಅದನ್ನು.

ಒಂದೂಕಾಲು

ಎತ್ತಿದರು. ಸುಮ್ಮನಿರಲಾರದೆ ಬರೆಯುತ್ತಿದ್ದೇನೆ. ಶಿವಾನಿ ಸ್ಪೀಕರ್ ಹಾಕಿ ಫೋನನ್ನು ದಿಂಬಿನ ಮೇಲಿಟ್ಟಳು.

“ಯಾರವ್ವ?”

ಅತ್ತೆ ಕಣ್ಣು ಬಿಟ್ಟರು. “ನಾನು ಕಣವ್ವ. ಗುಂಡ್ಲುಪೇಟೆ. ನನ್ ಲಿಂಗ ನಿನ್ ತಾವಿತ್ತಂತೆ.”

“ಊಂ ಕಣವ್ವ. ನಿಮ್ಮಗ ಬಂದು ಇಸ್ಕೊಂಡೋದ್ರು. ಸೇರ್ತಾ?”

“ಅದೇನಾ ಇದು?”

“ಅದೇ ಕಣವ್ವ. ಮೂಲೇಲಿ ಗುಳಿ ಐತಲ್ಲ, ಊವ ಇಕ್ಕುದ್ರೆ ಅಲ್ಲೇ ನಿಂತ್ಕತಿತ್ತು. ನಮ್ಮಂತೋರು ಮುಟ್ಬೌದೋ ಇಲ್ವೋ, ಮುಟ್ಬುಟ್ಟೆ. ತಪ್ಪಾಗಿದ್ರೆ ಒಟ್ಟೆಗಾಕ್ಕೊಳಿ.”

ಹೋಯಿತು, ಮುಟ್ಟಿದ್ದೇ ಒಂದು ನೆಪ ಆಯಿತು ಅಂದುಕೊಂಡೆ. ಅತ್ತೆ ಕೇಳಿದರು.

“ಉಂಡೆ ತಿಂದ್ಯವ್ವ?”

“ತಿಂದೆ ಕಣವ್ವ. ಅವತ್ತು ಬೆಳಗ್ಗಿಂದ ಏನೂ ತಿಂದಿರ್ನಿಲ್ಲ. ಮಿಕ್ಕಿದ್ದ ಮೊಮ್ಮಗೀಗೆ ಎತ್ಕೊಂಡೋದೆ.”

“ಮೊಗ ತಿಂತಾ?”

“ಇನ್ನೂ ಬೇಕು ಅಂತು.”

“ಮಾಡಿ ಕಳುಸ್ತೀನಿ ಬುಡು,” ಅಂದರು ಅತ್ತೆ. ಊದಿದ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಕರಡಿಗೆಯ ಮೇಲೆ ಮಡಚಿಕೊಂಡರು. ಎದೆಗೆ ತಂದುಕೊಂಡರು. ವಿಭೂತಿ ಕೊಡು ಅಂದರು, ಇವರು ಹಣೆಗೆ ಹಚ್ಚಿದರು. ಕಣ್ಣು ಮುಚ್ಚಿ ಬಹಳ ಹೊತ್ತು ತೆಗೆಯಲಿಲ್ಲ. ಮೊದಲಿನಷ್ಟೇ ಹೊತ್ತು.

ಈಗ ನನ್ನ ಕಡೆ ತಿರುಗಿದ್ದಾರೆ. ಗಂಜಿ ಬಿಸಿ ಮಾಡಿಸಿ ತರ್ತೀನಿ ಅತ್ತೆ ಅಂದೆ.

“ಆರಿದ್ದೇ ಕೊಡು.”

ಚಮಚ ತೊಳೆದು ಎಲ್ಲಿಟ್ಟೆ? ಬರೆಯುವುದು ಸಾಕು.